ಟಿಪ್ಪಣಿ ಮತ್ತು ಆಕರ: ಜಾವಾ ವಿಷಯನಿರ್ವಹಣಾ ಮಾದರಿಗಳಲ್ಲಿ ಮೌಲ್ಯಪೂರಣ ಪದ್ಧತಿಯ ಬೆಳವಣಿಗೆ

ಕಂಪ್ಯೂಟರಿನ ಕ್ರಮವಿಧಿಗಳನ್ನು ಕುರಿತು ಬರೆಯುವುದು ಇತಿಹಾಸಕಾರನಿಗೆ ಸಲ್ಲುವ ಕೆಲಸವೇ ಎಂಬ ಸಂದೇಹ ನಮ್ಮ ವಾಚಕರಲ್ಲಿ ಕೆಲವರಿಗೆ ತೋರಬಹುದು. ಕ್ರಮವಿಧಿಯೂ ಒಂದು ಲಿಖಿತ ಪಠ್ಯವೇ. ಅದಕ್ಕೆ ಕರ್ತೃಗಳುಂಟು, ಕಾಲವುಂಟು, ಪಾಠಾಂತರಗಳುಂಟು. ಒಂದು ತಲೆಮಾರಿನವರು ಬರೆದುದನ್ನು ಮುಂದಿನ ತಲೆಮಾರಿನವರು ಓದಿ ತಿದ್ದುವ ಪರಂಪರೆಯೂ ಉಂಟು. ಆದಕಾರಣ ಶಾಸನಗಳನ್ನೂ ಕಡತಗಳನ್ನೂ ಕುರಿತು ನಾವು ಕೇಳುವ ಪ್ರಶ್ನೆಗಳಲ್ಲಿ ಒಂದನ್ನಾದರೂ ಈ ಪಠ್ಯಗಳನ್ನು ಕುರಿತು ಕೇಳುವುದು ಅನುಚಿತವಾಗಲಾರದು. ಪ್ರಕೃತ ಲೇಖನದಲ್ಲಿ ನಾವು ಕೇಳುವ ಪ್ರಶ್ನೆ ಆಕರದ ಪ್ರಶ್ನೆ: ಒಂದು ಮೌಲ್ಯ ಎಲ್ಲಿಂದ ಬಂತು ಎಂಬುದನ್ನು ಎಲ್ಲಿ ಬರೆದಿಡಬೇಕು?

ಮೊದಲು ಪರಿಭಾಷೆಯ ವಿಷಯವಾಗಿ ಎರಡು ಮಾತು. ಜಾವಾ ಎಂಬ ಕ್ರಮವಿಧಿಭಾಷೆಯಲ್ಲಿ ಆನೊಟೇಶನ್ ಎಂದು ಕರೆಯುವ ವಸ್ತುವನ್ನು ನಾವು ಟಿಪ್ಪಣಿ ಎಂದು ಕರೆದಿದ್ದೇವೆ. ಇಂಜೆಕ್ಷನ್ ಎಂಬ ಮಾತು ಕನ್ನಡಿಗರಿಗೆ ವೈದ್ಯರ ಸೂಜಿಯನ್ನೇ ನೆನಪಿಗೆ ತರುವುದರಿಂದ ಅದಕ್ಕೆ ಪೂರಣ ಎಂಬ ಶಬ್ದವನ್ನು ಬಳಸಿದ್ದೇವೆ. ವಸ್ತುವೊಂದು ತನಗೆ ಬೇಕಾದುದನ್ನು ತಾನೇ ಹುಡುಕಿಕೊಳ್ಳದೆ, ಹೊರಗಿನ ಚೌಕಟ್ಟು ಅದನ್ನು ತಂದು ತುಂಬುವುದೇ ಪೂರಣ. ಪೂರಣ ಮಾಡುವ ಕಿರುಯಂತ್ರವನ್ನು ಪೂರಕವೆಂದೂ, ಬೆಲೆ ಬಂದು ಸೇರುವ ಸ್ಥಾನವನ್ನು ಕ್ಷೇತ್ರವೆಂದೂ ಕರೆಯುತ್ತೇವೆ. ನಮ್ಮ ವಿದ್ವತ್ಪರಂಪರೆಯಲ್ಲಿ ಟಿಪ್ಪಣಿ ಎಂಬುದು ಓದುವ ಮನುಷ್ಯನಿಗಾಗಿ ಬರೆದುದು. ಅದನ್ನು ಅಳಿಸಿದರೂ ಮೂಲ ಹಾಗೆಯೇ ಉಳಿಯುತ್ತದೆ. ಜಾವಾದ ಟಿಪ್ಪಣಿ ಹಾಗಲ್ಲ. ಅದನ್ನು ಓದಿ ಅದರಂತೆ ನಡೆಯುವ ಯಂತ್ರವೊಂದಿದ್ದಲ್ಲಿ, ಒಂದು ಸಾಲಿನ ಟಿಪ್ಪಣಿಯನ್ನು ಅಳಿಸಿದ ಮಾತ್ರಕ್ಕೆ ಇಡೀ ಪುಟ ಬರಿದಾಗಬಹುದು.

ಇದರ ಪೂರ್ವಚರಿತ್ರೆ 1998ರಿಂದ ಆರಂಭವಾಗುತ್ತದೆಯೆನ್ನಬಹುದು. ಆ ವರ್ಷ ಹೊರಬಂದ ಎಂಟರ್‌ಪ್ರೈಸ್ ಜಾವಾಬೀನ್ಸ್ ಎಂಬ ನಿರ್ದೇಶದಲ್ಲಿ, ಕ್ರಮವಿಧಿಯ ತರ್ಕವನ್ನು ಒಂದು ಕಡೆ ಬರೆದು, ಅದಕ್ಕೆ ಬೇಕಾದ ಸಂಬಂಧಗಳನ್ನು ಬೇರೊಂದು ವಿವರಣಪತ್ರದಲ್ಲಿ ಕೊಡುವ ಏರ್ಪಾಡಿತ್ತು. ಮರುವರ್ಷದ 1.1ನೆಯ ಆವೃತ್ತಿಯಿಂದ ಈ ಪತ್ರವನ್ನು ಎಕ್ಸ್‌ಎಂಎಲ್ ರೂಪದಲ್ಲಿ ಬರೆಯಬೇಕಾಯಿತು. ಉದ್ದೇಶವೇನೋ ಒಳ್ಳೆಯದೇ: ತರ್ಕವನ್ನು ಮುಟ್ಟದೆ ಸಂಬಂಧಗಳನ್ನು ಬದಲಿಸಬಹುದಾಗಿತ್ತು. ಫಲ ಮಾತ್ರ ಬೇರೆಯಾಯಿತು. ಕ್ಷೇತ್ರವೊಂದು ಒಂದು ಕಡತದಲ್ಲಿ, ಅದಕ್ಕೆ ಬೆಲೆ ಬರುವ ಬಗೆ ಮತ್ತೊಂದು ಕಡತದಲ್ಲಿ. ಒಂದರ ಹೆಸರನ್ನು ತಿದ್ದಿದವನು ಮತ್ತೊಂದನ್ನು ತಿದ್ದಲು ಮರೆತರೆ ಅದು ತಿಳಿಯುತ್ತಿದ್ದುದು ಯಂತ್ರ ಓಡಿದಾಗಲೇ. ಗ್ರಂಥದ ಅಡಿಟಿಪ್ಪಣಿಗಳನ್ನೆಲ್ಲ ಬೇರೆ ಸಂಪುಟವಾಗಿ ಕಟ್ಟಿ ಬೇರೆ ಊರಿನ ಗ್ರಂಥಾಲಯದಲ್ಲಿ ಇರಿಸಿದಂತೆ ಇದು.

ಈ ಕಷ್ಟವನ್ನು ನಿವಾರಿಸಲು ಹುಟ್ಟಿದ ಒಂದು ಉಪಾಯವನ್ನು ಇಲ್ಲಿ ಉಲ್ಲೇಖಿಸದೆ ಮುಂದುವರಿಯಲಾಗದು. ರಿಕಾರ್ಡ್ ಓಬರ್ಗ್ ಎಂಬಾತ ರಚಿಸಿದ ಇಜೆಬಿಡಾಕ್ಲೆಟ್, ಮುಂದೆ ಎಕ್ಸ್‌ಡಾಕ್ಲೆಟ್ ಎಂದು ಪ್ರಸಿದ್ಧವಾದ ಸಾಧನ, ಕ್ರಮವಿಧಿಯಲ್ಲಿ ಮನುಷ್ಯರಿಗಾಗಿ ಬರೆಯುತ್ತಿದ್ದ ವಿವರಣೆಯ ಸಾಲುಗಳೊಳಗೇ ವಿಶೇಷ ಗುರುತುಗಳನ್ನಿಟ್ಟು, ಅವುಗಳಿಂದ ಆ ದೂರದ ಪತ್ರಗಳನ್ನು ತಾನಾಗಿ ಉತ್ಪಾದಿಸುತ್ತಿತ್ತು. ವಿವರಣೆಯಾಗಿದ್ದ ಬರಹವು ಇಲ್ಲಿ ಆಜ್ಞೆಯಾಯಿತು. ಮುಂದಿನ ಬೆಳವಣಿಗೆಯ ಬೀಜ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಇದೇ ಕಾಲದಲ್ಲಿ, 2002ರಲ್ಲಿ, ಮೈಕ್ರೋಸಾಫ್ಟ್ ಸಂಸ್ಥೆಯ ಡಾಟ್‌ನೆಟ್ ಹೊರಬಂದು, ಅದರ ಸಿ-ಶಾರ್ಪ್ ಭಾಷೆಯಲ್ಲಿ ಇಂಥ ಗುರುತುಗಳು ಭಾಷೆಯ ಅಂಗವಾಗಿಯೇ ಇದ್ದುವು. ಜಾವಾ ಪಕ್ಷದವರೂ ಸುಮ್ಮನಿರಲಿಲ್ಲ. ಜೆಎಸ್‌ಆರ್ 175 ಎಂಬ ಪ್ರಸ್ತಾವದ ಮೂಲಕ ಟಿಪ್ಪಣಿಗಳಿಗೆ ಭಾಷೆಯಲ್ಲಿ ಅಧಿಕೃತ ಸ್ಥಾನ ದೊರೆತು, 2004ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಜಾವಾ 5ನೆಯ ಆವೃತ್ತಿಯಲ್ಲಿ ಅವು ಜಾರಿಗೆ ಬಂದುವು. ಹೆಸರಿನ ಹಿಂದೆ @ ಚಿಹ್ನೆಯನ್ನಿಟ್ಟು ಬರೆಯುವ ಈ ಟಿಪ್ಪಣಿ ಕಂಪೈಲರಿನ ಹಂತದಲ್ಲೇ ಅಳಿಯಬೇಕೆ, ಅಥವಾ ಕ್ರಮವಿಧಿ ಓಡುವಾಗಲೂ ಉಳಿದಿರಬೇಕೆ ಎಂಬುದನ್ನು ಅದನ್ನು ರಚಿಸಿದವನೇ ಗೊತ್ತುಮಾಡಬಹುದು. ಪೂರಣಕ್ಕೆ ಬೇಕಾದುದು ಓಡುವಾಗಲೂ ಉಳಿಯುವ ಬಗೆ.

ಪೂರಣವೆಂಬ ತತ್ತ್ವವಾದರೋ ಟಿಪ್ಪಣಿಗಳಿಗಾಗಿ ಕಾದಿರಲಿಲ್ಲ. ರಾಡ್ ಜಾನ್ಸನ್ 2002ರಲ್ಲಿ ಪ್ರಕಟಿಸಿದ ಗ್ರಂಥದ ಜೊತೆಗಿದ್ದ ಕ್ರಮವಿಧಿಗಳಿಂದ ಸ್ಪ್ರಿಂಗ್ ಎಂಬ ಚೌಕಟ್ಟು ಬೆಳೆದು, 2004ರ ಮಾರ್ಚಿನಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಹೊರಬಂತು. ಅದೇ ವರ್ಷದ ಜನವರಿಯಲ್ಲಿ ಮಾರ್ಟಿನ್ ಫೌಲರ್ ಬರೆದ ಪ್ರಬಂಧವೊಂದು ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ಹೆಸರನ್ನು ಸ್ಥಿರಪಡಿಸಿತು. ಆಗಿನ ಸ್ಪ್ರಿಂಗಿನಲ್ಲಿ ಸಂಬಂಧಗಳ ಪಟ್ಟಿ ಎಕ್ಸ್‌ಎಂಎಲ್ ಕಡತದಲ್ಲಿಯೇ ಇತ್ತು. 2007ರ ಮಾರ್ಚಿನಲ್ಲಿ ಗೂಗಲ್ ಸಂಸ್ಥೆಯಿಂದ ಬಾಬ್ ಲೀ ಮೊದಲಾದವರು ಹೊರತಂದ ಗೈಸ್ ಎಂಬ ಚೌಕಟ್ಟು ಆ ಕಡತವನ್ನೇ ಬಿಟ್ಟುಕೊಟ್ಟು, ಕ್ಷೇತ್ರದ ತಲೆಯ ಮೇಲೆ @ಇಂಜೆಕ್ಟ್ ಎಂದು ಬರೆದರೆ ಸಾಕೆಂದಿತು. ಅದೇ ವರ್ಷದ ನವೆಂಬರಿನಲ್ಲಿ ಸ್ಪ್ರಿಂಗ್ 2.5 ತನ್ನದೇ ಆದ @ಆಟೋವೈರ್ಡ್ ಟಿಪ್ಪಣಿಯನ್ನು ತಂದಿತು. ಪ್ರತಿಸ್ಪರ್ಧಿಗಳಾಗಿದ್ದ ಬಾಬ್ ಲೀ ಮತ್ತು ರಾಡ್ ಜಾನ್ಸನ್ ಇಬ್ಬರೂ ಕೂಡಿ 2009ರಲ್ಲಿ ಜೆಎಸ್‌ಆರ್ 330 ಎಂಬ ಸಾಮಾನ್ಯ ನಿರ್ದೇಶವನ್ನು ಮಂಡಿಸಿದರು. ಗ್ಯಾವಿನ್ ಕಿಂಗ್ ಅವರ ನೇತೃತ್ವದಲ್ಲಿ ಮೊದಲೇ ನಡೆಯುತ್ತಿದ್ದ ಜೆಎಸ್‌ಆರ್ 299ರ ಪಕ್ಷದವರಿಗೂ ಇವರಿಗೂ ತಿಕ್ಕಾಟವಾಗಿ, ಕೊನೆಗೆ ಆ ಪಕ್ಷವೂ ಇದೇ ಟಿಪ್ಪಣಿಗಳನ್ನು ಅಂಗೀಕರಿಸಿತು. ಜೆಎಸ್‌ಆರ್ 330 ಬಹಳ ಚಿಕ್ಕ ನಿರ್ದೇಶ: ಐದು ಟಿಪ್ಪಣಿಗಳು, ಅವುಗಳ ಜೊತೆಗೆ ಒಂದೇ ಒಂದು ಇಂಟರ್‌ಫೇಸ್. ಅದರ ಯಶಸ್ಸಿಗೆ ಈ ಚಿಕ್ಕತನವೇ ಕಾರಣ. ಮುಂದೆ ನಾವು ಹೇಳಲಿರುವ ತೊಡಕಿಗೂ ಅದೇ ಕಾರಣ. @ಇಂಜೆಕ್ಟ್ ಎಂಬ ಟಿಪ್ಪಣಿ “ಇದನ್ನು ತುಂಬು” ಎಂದಷ್ಟೇ ಹೇಳುತ್ತದೆ. ಎಲ್ಲಿಂದ ತುಂಬಬೇಕೆಂಬುದನ್ನು ಹೇಳುವುದಿಲ್ಲ.

ಇಲ್ಲಿಂದ ನಮ್ಮ ಕಥೆ ವಿಷಯನಿರ್ವಹಣೆಯ ಕಡೆಗೆ ತಿರುಗುತ್ತದೆ. ದೊಡ್ಡ ಸಂಸ್ಥೆಗಳು ತಮ್ಮ ಜಾಲಪುಟಗಳ ಶೀರ್ಷಿಕೆ, ಬರಹ, ಚಿತ್ರಗಳನ್ನು ಸಂಪಾದಕರ ಕೈಯಿಂದ ಬರೆಯಿಸಿ ಸಂಗ್ರಹಿಸಿಡುವ ವ್ಯವಸ್ಥೆಯೇ ವಿಷಯನಿರ್ವಹಣೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಡೇ ಸಾಫ್ಟ್‌ವೇರ್ ಎಂಬ ಸಂಸ್ಥೆಯ ಡೇವಿಡ್ ನ್ಯೂಷೆಲರ್ ಅವರ ನೇತೃತ್ವದಲ್ಲಿ ಇಂಥ ಸಂಗ್ರಹಕ್ಕೆ ಒಂದು ಸಾಮಾನ್ಯ ನಿರ್ದೇಶ ಸಿದ್ಧವಾಗಿ, ಜೆಎಸ್‌ಆರ್ 170 ಎಂಬ ಹೆಸರಿನಿಂದ 2005ರಲ್ಲಿ ಅಂಗೀಕೃತವಾಯಿತು. ಇದರಲ್ಲಿ ವಿಷಯಭಂಡಾರವು ಒಂದು ಮರದಂತೆ. ಪ್ರತಿ ನೋಡ್‌ಗೂ ಮಕ್ಕಳಾದ ನೋಡ್‌ಗಳು, ಪ್ರತಿಯೊಂದರ ಮೇಲೂ ಹೆಸರುಳ್ಳ ಗುಣಗಳು. ಯಾವ ನೋಡಿನ ಮೇಲೆ ಯಾವ ಗುಣಗಳಿರಬೇಕೆಂದು ಮೊದಲೇ ಕಟ್ಟುನಿಟ್ಟಾಗಿ ವಿಧಿಸಬೇಕೆಂಬುದಿಲ್ಲ. ದತ್ತಾಂಶ ಮೊದಲು, ರಚನೆ ಆಮೇಲೆ ಎಂಬುದು ನ್ಯೂಷೆಲರ್ ಅವರ ಪ್ರಸಿದ್ಧ ಬೋಧೆ. ಸಂಪಾದಕನಿಗೆ ಇದು ವರ. ಕ್ರಮವಿಧಿ ಬರೆಯುವವನಿಗೆ ಪರೀಕ್ಷೆ. ಏಕೆಂದರೆ ಜಾವಾ ಕಟ್ಟುನಿಟ್ಟಿನ ಭಾಷೆ. ಪ್ರತಿ ಕ್ಷೇತ್ರವೂ ಇಂಥ ಜಾತಿಯದೆಂದು ಅದಕ್ಕೆ ಮೊದಲೇ ಹೇಳಬೇಕು. ಸಡಿಲವಾದ ಮರದಿಂದ ಬಿಗಿಯಾದ ಪೆಟ್ಟಿಗೆಗೆ ಮೌಲ್ಯಗಳನ್ನು ಸಾಗಿಸುವುದು ಹೇಗೆ?

ಮೊದಲ ಉತ್ತರ ಒರಟಾದುದು. ಪುಟದ ಲಿಪಿಯೊಳಗೇ ಜಾವಾ ಸಾಲುಗಳನ್ನು ಹೊಲಿದು, ಇಂಥ ಹೆಸರಿನ ಗುಣವಿದ್ದರೆ ಕೊಡು, ಇಲ್ಲವಾದರೆ ಬರಿಯ ಸಾಲನ್ನು ಕೊಡು ಎಂದು ಪ್ರತಿ ಸಲವೂ ಕೇಳುವುದು. ಡೇ ಸಂಸ್ಥೆಯ ಸಿಕ್ಯೂ ಎಂಬ ಉತ್ಪನ್ನದಲ್ಲಿಯೂ, ಅದಕ್ಕೆ ಅಡಿಪಾಯವಾದ ಅಪಾಚೆ ಸ್ಲಿಂಗ್ ಎಂಬ ಮುಕ್ತ ಚೌಕಟ್ಟಿನಲ್ಲಿಯೂ ಬಹುಕಾಲ ಇದೇ ರೂಢಿಯಿತ್ತು. ಸ್ಲಿಂಗ್ 2007ರಲ್ಲಿ ಅಪಾಚೆ ಪ್ರತಿಷ್ಠಾನದ ಪೋಷಣಶಾಲೆಯನ್ನು ಸೇರಿ, 2009ರಲ್ಲಿ ಸ್ವತಂತ್ರ ಯೋಜನೆಯಾಯಿತು. ಒಂದು ವಸ್ತುವನ್ನು ಮತ್ತೊಂದು ರೂಪಕ್ಕೆ ಪರಿವರ್ತಿಸುವ ಅಡಾಪ್ಟ್‌ಟು ಎಂಬ ಕ್ರಿಯೆಯನ್ನು ಅದು ಆದಿಯಿಂದಲೂ ಹೊಂದಿತ್ತು. ಆದರೆ ಪ್ರತಿ ಪರಿವರ್ತನೆಗೂ ಒಂದೊಂದು ಪ್ರತ್ಯೇಕ ವರ್ಗವನ್ನು ಕೈಯಿಂದ ಬರೆಯಬೇಕಾಗಿತ್ತು.

ಎರಡನೆಯ ಉತ್ತರ ಟಿಪ್ಪಣಿಗಳದು. ಜೆಸಿಆರ್‌ಒಎಂ ಎಂಬ ಸಾಧನವೂ ಜ್ಯಾಕ್‌ರ್ಯಾಬಿಟ್ ಯೋಜನೆಯ ಒಸಿಎಂ ಎಂಬ ಸಾಧನವೂ ಕ್ಷೇತ್ರಗಳ ಮೇಲೆ ಟಿಪ್ಪಣಿಗಳನ್ನಿಟ್ಟು, ಭಂಡಾರದಿಂದ ಓದುವುದನ್ನೂ ಭಂಡಾರಕ್ಕೆ ಬರೆಯುವುದನ್ನೂ ಸಾಧಿಸಲೆತ್ನಿಸಿದುವು. ಅಡೋಬಿ ಸಂಸ್ಥೆಯು 2010ರಲ್ಲಿ ಡೇ ಸಂಸ್ಥೆಯನ್ನು ಕೊಂಡುಕೊಂಡ ಮೇಲೆ ಈ ಕ್ಷೇತ್ರದಲ್ಲಿ ದುಡಿಯುವವರ ಸಂಖ್ಯೆ ಹೆಚ್ಚಿ, ಒಬ್ಬೊಬ್ಬರೂ ತಮ್ಮತಮ್ಮದೇ ಟಿಪ್ಪಣಿಗಳನ್ನು ಕಟ್ಟಿಕೊಂಡರು. ಕೊನೆಗೆ ಸ್ಲಿಂಗ್ ಯೋಜನೆಯೊಳಗೇ ಸ್ಲಿಂಗ್ ಮಾಡೆಲ್ಸ್ ಎಂಬ ಅಂಗವು ಸಿದ್ಧವಾಗಿ, 2014ರಲ್ಲಿ ಹೊರಬಂದ ಅಡೋಬಿಯ ಎಇಎಂ 6.0 ಉತ್ಪನ್ನದಲ್ಲಿ ಸೇರಿತು. ಅದರ ರಚನೆಯಲ್ಲಿ ಜಸ್ಟಿನ್ ಎಡೆಲ್ಸನ್ ಪ್ರಮುಖರು. ಬರೆಯುವ ಆಸೆಯನ್ನು ಬಿಟ್ಟು ಓದುವುದಕ್ಕೆ ಮಾತ್ರ ತನ್ನನ್ನು ಸೀಮಿತಗೊಳಿಸಿಕೊಂಡದ್ದು ಅದರ ವಿವೇಕ. ವರ್ಗದ ತಲೆಯ ಮೇಲೆ @ಮಾಡೆಲ್ ಎಂದು ಬರೆದು ಅದು ಯಾವುದರಿಂದ ಪರಿವರ್ತಿತವಾಗಬೇಕೆಂದು ಸೂಚಿಸುವುದು. ಕ್ಷೇತ್ರಗಳ ಮೇಲೆ @ಇಂಜೆಕ್ಟ್ ಎಂದು ಬರೆಯುವುದು. ಎಲ್ಲವೂ ತುಂಬಿದ ಮೇಲೆ ನಡೆಯಬೇಕಾದ ಕೆಲಸವಿದ್ದರೆ ಅದರ ಮೇಲೆ @ಪೋಸ್ಟ್‌ಕನ್‌ಸ್ಟ್ರಕ್ಟ್ ಎಂದು ಬರೆಯುವುದು. ಭಂಡಾರದ ಗುಣದ ಹೆಸರಿಗೂ ಕ್ಷೇತ್ರದ ಹೆಸರಿಗೂ ಹೊಂದಿಕೆಯಿಲ್ಲದಿದ್ದರೆ @ನೇಮ್ಡ್ ಸಹಾಯಕ್ಕೆ ಬರುತ್ತದೆ. ಭಂಡಾರದ ಹೆಸರುಗಳಲ್ಲಿ ಮೇಲಿಂದ ಮೇಲೆ ಬರುವ ದ್ವಿಬಿಂದುವನ್ನು ಜಾವಾ ತನ್ನ ಹೆಸರುಗಳಲ್ಲಿ ಒಪ್ಪದಿರುವುದರಿಂದ ಇದು ನಿತ್ಯದ ಅಗತ್ಯ.

ಈ ವ್ಯವಸ್ಥೆಯ ಎರಡು ಗುಣಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲನೆಯದು ಇಲ್ಲದಿರುವುದರ ಪ್ರಶ್ನೆ. ಸ್ಲಿಂಗ್ ಮಾಡೆಲ್ಸಿನಲ್ಲಿ, ಬೇರೆ ರೀತಿ ಹೇಳದಿದ್ದರೆ, ಪ್ರತಿ ಕ್ಷೇತ್ರವೂ ಅವಶ್ಯವೆಂದೇ ಭಾವಿಸಲ್ಪಡುತ್ತದೆ. ಹತ್ತು ಕ್ಷೇತ್ರಗಳಲ್ಲಿ ಒಂಬತ್ತು ತುಂಬಿ ಒಂದು ತುಂಬದಿದ್ದರೆ ಪರಿವರ್ತನೆಯೇ ವಿಫಲವಾಗಿ, ಅಡಾಪ್ಟ್‌ಟು ಕ್ರಿಯೆಯು ಶೂನ್ಯವನ್ನು ಹಿಂದಿರುಗಿಸುತ್ತದೆ. ಸಂಪಾದಕನು ಉಪಶೀರ್ಷಿಕೆ ಬೇಡವೆಂದು ಆ ಸ್ಥಳವನ್ನು ಖಾಲಿ ಬಿಟ್ಟನೆಂದು ಇಟ್ಟುಕೊಳ್ಳೋಣ. ಅವನ ದೃಷ್ಟಿಯಲ್ಲಿ ಅದು ಸಹಜವಾದ ತೀರ್ಮಾನ. ಯಂತ್ರದ ದೃಷ್ಟಿಯಲ್ಲಿ ಅದು ಕೊರತೆ. ಶೀರ್ಷಿಕೆ, ಬರಹ, ಚಿತ್ರಗಳೆಲ್ಲವೂ ಸರಿಯಾಗಿದ್ದರೂ ಆ ಭಾಗವೇ ಪುಟದಿಂದ ಮಾಯವಾಗುತ್ತದೆ. ಇದಕ್ಕೆ ಪರಿಹಾರವಾಗಿ @ಆಪ್ಷನಲ್ ಮತ್ತು @ಡಿಫಾಲ್ಟ್ ಎಂಬ ಟಿಪ್ಪಣಿಗಳು ಮೊದಲಿನಿಂದಲೂ ಇದ್ದುವು. ಇಡೀ ವರ್ಗಕ್ಕೇ ಐಚ್ಛಿಕ ನೀತಿಯನ್ನು ವಿಧಿಸುವ ಏರ್ಪಾಡೂ, ಶೂನ್ಯವನ್ನು ಹಿಂದಿರುಗಿಸುವ ಬದಲು ಕಾರಣವನ್ನು ತಿಳಿಸಿ ನಿಲ್ಲುವ ಮಾಡೆಲ್‌ಫ್ಯಾಕ್ಟರಿ ಎಂಬ ಸೇವೆಯೂ ಅನಂತರ ಬಂದುವು. ಕಡತದಲ್ಲಿ ಒಂದು ಸಂಗತಿ ಇಲ್ಲವೆಂದ ಮಾತ್ರಕ್ಕೆ ಅದು ನಡೆಯಲೇ ಇಲ್ಲವೆಂದೂ, ಕಡತವೇ ಹಾಳಾಗಿದೆಯೆಂದೂ ತೀರ್ಮಾನಿಸಬಾರದೆಂದು ನಾವು ನಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತೇವಷ್ಟೆ.

ಎರಡನೆಯದು ಇನ್ನೂ ಗಹನವಾದುದು. @ಇಂಜೆಕ್ಟ್ ಎಂದು ಮಾತ್ರ ಬರೆದಾಗ ಸ್ಲಿಂಗ್ ಮಾಡೆಲ್ಸ್ ತನ್ನ ಪೂರಕಗಳನ್ನು ಒಂದೊಂದಾಗಿ ಕರೆದು, ನಿನ್ನಲ್ಲಿ ಈ ಹೆಸರಿನದು ಉಂಟೆ ಎಂದು ವಿಚಾರಿಸುತ್ತದೆ. ಪೂರಕಗಳಿಗೆ ಶ್ರೇಣಿಸಂಖ್ಯೆಗಳುಂಟು, ಕಡಿಮೆ ಸಂಖ್ಯೆಯದಕ್ಕೆ ಮೊದಲ ಸರದಿ. ಪುಟಲಿಪಿಯ ಬಂಧಗಳನ್ನು ನೋಡುವ ಪೂರಕದ ಸಂಖ್ಯೆ 1000. ಭಂಡಾರದ ಗುಣಗಳನ್ನು ನೋಡುವುದರದು 2000. ಮಕ್ಕಳಾದ ನೋಡ್‌ಗಳನ್ನು ನೋಡುವುದರದು 3000. ಕೋರಿಕೆಯ ಜೊತೆಗೆ ಸಾಗುವ ತಾತ್ಕಾಲಿಕ ಲಕ್ಷಣಗಳನ್ನು ನೋಡುವುದರದು 4000. ವ್ಯವಸ್ಥೆಯ ಸೇವೆಗಳನ್ನು ನೋಡುವುದರದು 5000. ಯಾವುದು ಮೊದಲು ಉತ್ತರ ಕೊಟ್ಟಿತೋ ಅದರ ಮಾತೇ ಸಿದ್ಧಾಂತ. ಮಿಕ್ಕವನ್ನು ಕೇಳುವುದಿಲ್ಲ.

ಇದರಿಂದ ಆಗುವ ಹಾನಿ ಮೊದಲ ನೋಟಕ್ಕೆ ತೋರುವುದಿಲ್ಲ. ಜಾಲಪುಟದ ಕೋರಿಕೆಯಿಂದ ಪರಿವರ್ತಿತವಾಗುವ ಒಂದು ಮಾದರಿಯಲ್ಲಿ ಶೀರ್ಷಿಕೆ ಎಂಬ ಕ್ಷೇತ್ರವಿದ್ದು, ಸಂಪಾದಕನು ಅದನ್ನು ಖಾಲಿ ಬಿಟ್ಟಿದ್ದಾನೆನ್ನೋಣ. ಬರಿದಾಗಿರಬೇಕಾದ ಸ್ಥಾನವದು. ಅದೇ ಪುಟದ ಮತ್ತೊಂದು ಭಾಗವು ತನ್ನ ಕೆಲಸಕ್ಕಾಗಿ ಅದೇ ಹೆಸರಿನ ತಾತ್ಕಾಲಿಕ ಲಕ್ಷಣವೊಂದನ್ನು ಕೋರಿಕೆಯ ಮೇಲೆ ಅಂಟಿಸಿದೆ. 2000ದ ಪೂರಕ ಇಲ್ಲವೆನ್ನುತ್ತದೆ. 4000ದ ಪೂರಕ ಉಂಟೆನ್ನುತ್ತದೆ. ಕೂಡಲೆ ಅನ್ಯರ ಶೀರ್ಷಿಕೆ ಇಲ್ಲಿ ಬಂದು ಕುಳಿತುಕೊಳ್ಳುತ್ತದೆ. ಯಾವ ದೋಷಸೂಚನೆಯೂ ಇಲ್ಲ, ಏಕೆಂದರೆ ಯಂತ್ರ ತನಗೆ ಹೇಳಿದುದನ್ನೇ ಮಾಡಿದೆ. ಹೆಸರೊಂದನ್ನೇ ಹಿಡಿದು ವ್ಯಕ್ತಿಯನ್ನು ಗುರುತಿಸುವ ಇತಿಹಾಸಕಾರನಿಗೂ ಇದೇ ಗತಿ. ಒಂದೇ ವಂಶದಲ್ಲಿ ಒಂದೇ ಹೆಸರಿನ ಹಲವು ದೊರೆಗಳು ಬಂದಾಗ, ಶಾಸನದ ಕಾಲಸ್ಥಳಗಳನ್ನು ನೋಡದೆ ಹೆಸರನ್ನು ಮಾತ್ರ ನಂಬಿದವರು ಎಷ್ಟು ಎಡವಿದ್ದಾರೆಂಬುದು ನಮ್ಮ ವಾಚಕರಿಗೆ ವಿದಿತವೇ ಆಗಿದೆ.

ಸ್ಲಿಂಗ್ ಮಾಡೆಲ್ಸಿನ ರಚಕರು ಈ ಅಪಾಯವನ್ನು ಆದಿಯಲ್ಲಿ ಕಂಡಿರಲಿಲ್ಲವೆಂದು ಹೇಳಲಾಗದು. @ಸೋರ್ಸ್ ಎಂಬ ಎರಡನೆಯ ಟಿಪ್ಪಣಿಯನ್ನು ಸೇರಿಸಿ, ಇಂಥ ಪೂರಕವನ್ನು ಮಾತ್ರ ಕೇಳು ಎಂದು ವಿಧಿಸುವ ಅವಕಾಶವಿತ್ತು. ಆದರೆ ಐಚ್ಛಿಕವಾದ ಆಕರಸೂಚನೆಯನ್ನು ಬರೆಯುವವರು ವಿರಳ. ಮುಂದಿನ ಆವೃತ್ತಿಯೊಂದರಲ್ಲಿ ಪೂರಕಕ್ಕೊಂದರಂತೆ ವಿಶೇಷ ಟಿಪ್ಪಣಿಗಳು ಬಂದುದೇ ನಮ್ಮ ಅಭಿಪ್ರಾಯದಲ್ಲಿ ಈ ಇತಿಹಾಸದ ಮುಖ್ಯ ಘಟನೆ. ಭಂಡಾರದ ಗುಣಕ್ಕೆ @ವ್ಯಾಲ್ಯೂಮ್ಯಾಪ್‌ವ್ಯಾಲ್ಯೂ, ಮಗುವಾದ ನೋಡ್‌ಗೆ @ಚೈಲ್ಡ್‌ರಿಸೋರ್ಸ್, ಸೇವೆಗೆ @ಒಎಸ್‌ಜಿಐಸರ್ವಿಸ್, ಪುಟಲಿಪಿಯ ಬಂಧಕ್ಕೆ @ಸ್ಕ್ರಿಪ್ಟ್‌ವೇರಿಯಬಲ್, ಕೋರಿಕೆಯ ಲಕ್ಷಣಕ್ಕೆ @ರಿಕ್ವೆಸ್ಟ್‌ಆಟ್ರಿಬ್ಯೂಟ್. ಹೆಸರು ಬೇರೆಯಾಗಿದ್ದರೆ ಅದನ್ನೂ, ಕ್ಷೇತ್ರ ಐಚ್ಛಿಕವೆಂಬುದನ್ನೂ ಇದೇ ಟಿಪ್ಪಣಿಯ ಒಳಗೆ ಬರೆಯಬಹುದು. ಇಲ್ಲಿ ಆಕರವನ್ನು ಹೇಳದೆ ಟಿಪ್ಪಣಿ ಬರೆಯಲು ಸಾಧ್ಯವೇ ಇಲ್ಲ; ಟಿಪ್ಪಣಿಯ ಹೆಸರೇ ಆಕರ. ನಾಲ್ಕು ವರ್ಷಗಳ ಮೇಲೆ ಆ ವರ್ಗವನ್ನು ಮೊದಲ ಸಲ ತೆರೆಯುವ ಹೊಸಬನಿಗೆ, ಈ ಶೀರ್ಷಿಕೆ ಸಂಪಾದಕನು ಬರೆದುದು, ಈ ಸೇವೆ ವ್ಯವಸ್ಥೆಯದು ಎಂಬುದು ಯಂತ್ರವನ್ನು ಓಡಿಸದೆಯೇ ಗೊತ್ತಾಗುತ್ತದೆ. ಒಂದೊಂದಾಗಿ ಎಲ್ಲ ಪೂರಕಗಳನ್ನೂ ವಿಚಾರಿಸುವ ಶ್ರಮ ತಪ್ಪುವುದರಿಂದ ವೇಗವೂ ಸ್ವಲ್ಪ ಹೆಚ್ಚುತ್ತದೆಂದು ಹೇಳುವವರುಂಟು. ಅದು ನಿಜವೇ; ಆದರೆ ಅದನ್ನು ನಾವು ಗೌಣವೆಂದೇ ಎಣಿಸುತ್ತೇವೆ.

ಈ ಬದಲಾವಣೆಗೆ ಆಕ್ಷೇಪಗಳೂ ಇಲ್ಲದಿಲ್ಲ. @ಇಂಜೆಕ್ಟ್ ಎಲ್ಲ ಚೌಕಟ್ಟುಗಳಿಗೂ ಸಾಮಾನ್ಯವಾದ ಟಿಪ್ಪಣಿ. @ವ್ಯಾಲ್ಯೂಮ್ಯಾಪ್‌ವ್ಯಾಲ್ಯೂ ಸ್ಲಿಂಗ್ ಒಂದಕ್ಕೇ ಸೇರಿದುದು. ಅದನ್ನು ಬರೆದೊಡನೆ ವರ್ಗವು ಆ ಚೌಕಟ್ಟಿಗೆ ಕಟ್ಟುಬೀಳುತ್ತದೆಂಬುದು ಒಂದು ವಾದ. ಈ ವಾದದಲ್ಲಿ ತತ್ತ್ವವಿದ್ದರೂ ಅನುಭವವಿಲ್ಲವೆಂದು ನಮಗೆ ತೋರುತ್ತದೆ. ವಿಷಯಭಂಡಾರದ ಗುಣಗಳನ್ನೇ ಓದಲು ಹುಟ್ಟಿದ ಮಾದರಿಯನ್ನು ಬೇರೊಂದು ಚೌಕಟ್ಟಿಗೆ ಎತ್ತಿಕೊಂಡು ಹೋಗುವ ಪ್ರಸಂಗ ಅಪರೂಪ. ಟಿಪ್ಪಣಿಗಳು ಹೆಚ್ಚಾಗಿ ಕ್ರಮವಿಧಿಯೇ ಕಾಣದಂತಾಗುತ್ತದೆಂಬ ಎರಡನೆಯ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಹಳೆಯ ಎಕ್ಸ್‌ಎಂಎಲ್ ಪತ್ರಗಳನ್ನು ಕುರಿತು ಇಂದು ಯಾರೂ ಒಳ್ಳೆಯ ಮಾತಾಡುವುದಿಲ್ಲವಾದರೂ, ಎಲ್ಲ ಸಂಬಂಧಗಳನ್ನೂ ಒಂದೇ ಕಡೆ ಓದುವ ಅನುಕೂಲ ಅಲ್ಲಿತ್ತು. ಈಗ ಅವು ನೂರಾರು ವರ್ಗಗಳಲ್ಲಿ ಹರಡಿವೆ.

ಮೊದಲ ಆಕ್ಷೇಪಕ್ಕೆ ಕಾಲವೇ ಒಂದು ವಿಚಿತ್ರ ಉತ್ತರವನ್ನು ಕೊಟ್ಟಿತು. ಒರಾಕಲ್ ಸಂಸ್ಥೆಯು 2017ರಲ್ಲಿ ಜಾವಾ ಇಇ ನಿರ್ದೇಶಗಳನ್ನು ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಒಪ್ಪಿಸಲು ನಿರ್ಧರಿಸಿತು. ಮರುವರ್ಷ ಅವಕ್ಕೆ ಜಕಾರ್ತಾ ಇಇ ಎಂದು ನಾಮಕರಣವಾಯಿತು. ಜಾವಾಎಕ್ಸ್ ಎಂಬ ಹೆಸರಿನ ಬಳಕೆಯ ವಿಷಯವಾಗಿ ಉಭಯ ಪಕ್ಷಗಳಿಗೂ 2019ರಲ್ಲಿ ಒಪ್ಪಂದ ಕುದುರಲಿಲ್ಲ. ತತ್ಪರಿಣಾಮವಾಗಿ 2020ರ ಜಕಾರ್ತಾ ಇಇ 9ರಲ್ಲಿ ಆ ನಿರ್ದೇಶಗಳ ಪ್ಯಾಕೇಜುಗಳೆಲ್ಲ ಜಕಾರ್ತಾ ಎಂಬ ಹೊಸ ಹೆಸರನ್ನು ಪಡೆದುವು. ಇದಕ್ಕೆ ಮೊದಲೇ, 2018ರ ಜಾವಾ 11ರಲ್ಲಿ, @ಪೋಸ್ಟ್‌ಕನ್‌ಸ್ಟ್ರಕ್ಟ್ ಟಿಪ್ಪಣಿಯನ್ನು ಒಳಗೊಂಡಿದ್ದ ಭಾಗವನ್ನು ಮೂಲಭಾಷೆಯ ವಿತರಣೆಯಿಂದ ತೆಗೆಯಲಾಗಿತ್ತು. ಟಿಪ್ಪಣಿಯ ಗುರುತಿರುವುದು ಅದರ ಪೂರ್ಣನಾಮದಲ್ಲಿ. ಜಾವಾಎಕ್ಸ್‌ನ @ಇಂಜೆಕ್ಟ್ ಬೇರೆ, ಜಕಾರ್ತಾದ @ಇಂಜೆಕ್ಟ್ ಬೇರೆ. ಬರೆಯುವ ಸಾಲಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಒಂದನ್ನು ಮಾತ್ರ ಬಲ್ಲ ಚೌಕಟ್ಟಿಗೆ ಇನ್ನೊಂದು ಕಣ್ಣಿಗೇ ಬೀಳುವುದಿಲ್ಲ. ಗೊತ್ತಿಲ್ಲದ ಟಿಪ್ಪಣಿಯನ್ನು ಅದು ಮೌನವಾಗಿ ದಾಟಿಹೋಗುತ್ತದೆ, ಕ್ಷೇತ್ರ ಬರಿದಾಗಿಯೇ ಉಳಿಯುತ್ತದೆ. ಎಲ್ಲರಿಗೂ ಸಾಮಾನ್ಯವೆಂದು ನಂಬಿದ್ದ ಹೆಸರು ಹೀಗೆ ಎರಡಾಗಿ ಸೀಳಿದಾಗ, ಸ್ಲಿಂಗ್ ಒಂದಕ್ಕೇ ಸೇರಿದ @ವ್ಯಾಲ್ಯೂಮ್ಯಾಪ್‌ವ್ಯಾಲ್ಯೂ ಟಿಪ್ಪಣಿಯು ಅಪಾಚೆ ಪ್ರತಿಷ್ಠಾನದ ಪ್ಯಾಕೇಜಿನಲ್ಲಿದ್ದ ಕಾರಣ ಆ ಕ್ಷೇತ್ರಗಳ ಮೇಲಿನ ಬರಹಕ್ಕೆ ಯಾವ ತಿದ್ದುಪಡಿಯೂ ಬೇಕಾಗಲಿಲ್ಲ.